ಕಾಲಿನ ಮೂಳೆ ದವಡೆಯಾದ ಕಥೆ



ಬಾಯಿ ಕ್ಯಾನ್ಸರಿಗೆ ಕೆಳದವಡೆ ಕತ್ತರಿಸಿ ತೆಗೆಯುವುದನ್ನು ಸರ್ಜನ್ನರು ಬೇಗ ಕಲಿತರು. ಮತ್ತೆ ಕಟ್ಟುವುದಕ್ಕೆ ಬಹಳ ಕಾಲ ಹಿಡಿಯಿತು. ಗದ್ದ ಹೋದವರಿಗೆ ಜೊಲ್ಲು ನಿಲ್ಲುತ್ತಿರಲಿಲ್ಲ, ತುತ್ತು ಇಳಿಯುತ್ತಿರಲಿಲ್ಲ. ಅಮೆರಿಕದಲ್ಲಿ ಈ ಸ್ಥಿತಿಗೆ ಗದ್ದವಿಲ್ಲದ ಒಂದು ಕಾರ್ಟೂನ್ ಪಾತ್ರದ ಹೆಸರಿಟ್ಟರು, ‘ಆಂಡಿ ಗಂಪ್’ ಎಂದು. ರೋಗಿಯನ್ನು ಕೇಳಿ ಇಟ್ಟ ಹೆಸರಂತೂ ಅಲ್ಲ.

ಬೇರೆಡೆಯಿಂದ ಮೂಳೆಯ ತುಂಡು ತಂದು ಕೂರಿಸಿದರು. ಅದಕ್ಕೆ ಸ್ವಂತ ರಕ್ತನಾಳವಿಲ್ಲ, ಮೇಲೆ ಬಾಯಿಯ ಜೊಲ್ಲು. ಎಷ್ಟೋ ಸಲ ಕೀವಾಯಿತು. ಬರೀ ಲೋಹದ ಪ್ಲೇಟು ಕೂರಿಸಿದರೆ ಅದು ಚರ್ಮ ಸೀಳಿಕೊಂಡು ಹೊರಬರುತ್ತಿತ್ತು. 1979ರಲ್ಲಿ ಸ್ಟೀಫನ್ ಏರಿಯನ್ ಎದೆಯ ಸ್ನಾಯುವನ್ನೇ ಮೇಲಕ್ಕೆ ತಿರುಗಿಸಿ ಗಾಯ ಮುಚ್ಚುವ ದಾರಿ ತೋರಿಸಿದರು. ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ಆಪತ್ತಿಗೆ ಆಗುವುದು ಅದೇ. ಆದರೆ ಅದರಿಂದ ಗಾಯ ಮುಚ್ಚುತ್ತದೆ, ದವಡೆ ಬರುವುದಿಲ್ಲ.

ದವಡೆ ಸಿಕ್ಕಿದ್ದು ಕಾಲಿನಲ್ಲಿ. ಮೊಣಕಾಲಿನ ಕೆಳಗೆ ಹೊರಬದಿಗಿರುವ ತೆಳು ಮೂಳೆ ಫಿಬುಲಾ; ದೇಹದ ಭಾರವನ್ನು ಹೆಚ್ಚಾಗಿ ಹೊರುವುದು ಅದರ ಪಕ್ಕದ ದಪ್ಪ ಮೂಳೆ. 1975ರಲ್ಲಿ ಆಸ್ಟ್ರೇಲಿಯಾದ ಇಯಾನ್ ಟೇಲರ್ ಫಿಬುಲಾವನ್ನು ರಕ್ತನಾಳದ ಸಮೇತ ಕಾಲಿನ ಗಾಯಗಳಿಗೆ ಬಳಸಿದ್ದನ್ನು ಪ್ರಕಟಿಸಿದರು. 1989ರಲ್ಲಿ ನ್ಯೂಯಾರ್ಕಿನ ಡೇವಿಡ್ ಹಿಡಾಲ್ಗೊ ಅದನ್ನು ತುಂಡರಿಸಿ, ದವಡೆಯ ಬಾಗಿಗೆ ಜೋಡಿಸಿ, ಕುತ್ತಿಗೆಯ ರಕ್ತನಾಳಕ್ಕೆ ಹೊಲಿದರು.

ಅಲ್ಲಿಗೆ ತೊಂದರೆಗಳು ತೀರಲಿಲ್ಲ, ಬೇರೆಯಾದವು. ಮೊದಲ ಎರಡು ಮೂರು ದಿನ ಹೊಲಿದ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಅದಕ್ಕೇ ನರ್ಸಮ್ಮ ರಾತ್ರಿಯೆಲ್ಲ ಟಾರ್ಚು ಹಿಡಿದು ಬಾಯೊಳಗೆ ನೋಡುವುದು: ಮೂಳೆಯ ಜೊತೆಗೆ ತಂದು ಕೂರಿಸಿದ ಚರ್ಮ ನೀಲಿಗಟ್ಟಿದರೆ ರಕ್ತ ಹೊರಹೋಗುತ್ತಿಲ್ಲ, ಬಿಳಿಚಿದರೆ ಒಳಬರುತ್ತಿಲ್ಲ. ಬೇಗ ಗೊತ್ತಾದರೆ ಮತ್ತೆ ಥಿಯೇಟರಿಗೆ ಒಯ್ದು ಉಳಿಸಿಕೊಳ್ಳಬಹುದು. ಆಮೇಲೆ ಹೊಲಿಗೆ ಬಿಟ್ಟು ಕುತ್ತಿಗೆಯಲ್ಲಿ ಜೊಲ್ಲು ಸೋರಬಹುದು. ತಿಂಗಳುಗಳು ಕಳೆದ ಮೇಲೂ ಪ್ಲೇಟು ಹೊರಗೆ ಕಾಣಬಹುದು, ಕಾಲಿನ ಹೆಬ್ಬೆರಳು ಬಿಗಿಯಬಹುದು. ಬಾಯಿ ತೆರೆಯುವುದಂತೂ ಗುಟ್ಕಾದವರಿಗೆ ಮೊದಲೇ ಕಷ್ಟ. ದಿನವೂ ವ್ಯಾಯಾಮ ಮಾಡದಿದ್ದರೆ ಇನ್ನಷ್ಟು ಬಿಗಿಯುತ್ತದೆ.

ಎಲ್ಲಕ್ಕಿಂತ ಮೋಸದ್ದು, ನಮ್ಮ ಜನ ‘ಕರೆಂಟು’ ಎನ್ನುವ ರೇಡಿಯೇಶನ್ನಿನ ನಂತರ ಬರುವ ಮೂಳೆ ಕೊಳೆತ. ವರ್ಷಗಳು ಕಳೆದ ಮೇಲೂ ಅದು ಬರಬಹುದು, ಎಷ್ಟೋ ಸಲ ಒಂದು ಹಲ್ಲು ಕೀಳಿಸಿದ ನೆಪಕ್ಕೆ. ಆದ್ದರಿಂದ ಮನೆಯಲ್ಲಿ ಇಂಥವರಿದ್ದರೆ, ಹಲ್ಲುನೋವೆಂದು ಹತ್ತಿರದ ಕ್ಲಿನಿಕ್ಕಿಗೆ ಹೋದಾಗ ಕರೆಂಟು ಕೊಡಿಸಿದ್ದನ್ನು ಮೊದಲು ಹೇಳಿ. ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಹಲ್ಲು ಕೀಳಿಸಬೇಡಿ.