ಗಜನಿಯ ಸೀಗಡಿ ಹೇಳುವ ಪಾಠ
(ರಾಣೆಬೆನ್ನೂರು ತಾಲೂಕಿನ ರೈತರ ಸಭೆಯೊಂದರಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಈ ದಿನ ನಾನು ಸಮುದ್ರದ ಮಾತನ್ನು ಆಡಬೇಕೆಂದಿದ್ದೇನೆ. ಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವ ನಮಗೆ ಸಮುದ್ರದಿಂದ ಆಗಬೇಕಾದ್ದೇನು ಎಂದು ತಾವು ಕೇಳಬಹುದು. ಸಂತೆಗೆ ಬರುವ ಒಣ ಸೀಗಡಿಯನ್ನು ತಾವೆಲ್ಲ ನೋಡಿದ್ದೀರಿ. ಆ ಸಣ್ಣ ಜೀವಿ ಬೆಳೆಯುವ ಬಗೆಯಲ್ಲಿ ಕೆರೆಯಿರುವ ಪ್ರತಿಯೊಂದು ಊರಿಗೂ ಒಂದು ಪಾಠವಿದೆ.

ಘಟ್ಟ ಇಳಿದರೆ ಕುಮಟಾ ತಾಲೂಕು. ಶಿರಸಿಯ ಕಡೆ ಹುಟ್ಟಿದ ಅಘನಾಶಿನಿ ಹೊಳೆ ಅಲ್ಲಿ ಸಮುದ್ರ ಸೇರುತ್ತದೆ. ಸಿಹಿನೀರು, ಉಪ್ಪುನೀರು ಕೂಡುವ ಆ ಜಾಗಕ್ಕೆ ಅಳಿವೆ ಎಂದು ಹೆಸರು. ಅಳಿವೆಯ ಪಕ್ಕದ ತಗ್ಗು ಗದ್ದೆಗಳನ್ನು ಗಜನಿ ಎನ್ನುತ್ತಾರೆ. ಮಳೆಗಾಲದಲ್ಲಿ ಹೊಳೆಯ ನೀರು ಉಪ್ಪನ್ನು ತೊಳೆದಾಗ ಅಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಕಗ್ಗ ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ. ತೆನೆ ಕೊಯ್ದು ಹುಲ್ಲನ್ನು ಗದ್ದೆಯಲ್ಲಿಯೇ ಬಿಡುತ್ತಾರೆ. ಆಮೇಲೆ ಉಬ್ಬರದ ನೀರು ಒಳಕ್ಕೆ ಬರುತ್ತದೆ. ಅದರೊಡನೆ ಸೀಗಡಿಯ ಮರಿಗಳೂ ಬರುತ್ತವೆ.

ಈ ಮರಿಗಳು ಎಲ್ಲಿಂದ ಬಂದವು? ಇದನ್ನು ವಿಜ್ಞಾನಿಗಳು ಶ್ರಮಪಟ್ಟು ತಿಳಿದಿದ್ದಾರೆ. ತಾಯಿ ಸೀಗಡಿ ಸಮುದ್ರದಲ್ಲಿ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಒಡೆದು ಬಂದ ಮರಿ ಹಲವು ಸಲ ಪೊರೆ ಕಳಚಿ, ರೂಪ ಬದಲಿಸಿ, ಎರಡು ಮೂರು ವಾರಗಳಲ್ಲಿ ಅಳಿವೆಯತ್ತ ಬರುತ್ತದೆ. ಅಲ್ಲಿ ಕೆಲವು ತಿಂಗಳು ಬೆಳೆದು ಮತ್ತೆ ಸಮುದ್ರಕ್ಕೆ ಮರಳುತ್ತದೆ. ಅಳಿವೆಯೆಂದರೆ ಅದಕ್ಕೆ ತವರುಮನೆ ಇದ್ದಂತೆ. ಇಂಥ ವಿಷಯಗಳ ಅಭ್ಯಾಸಕ್ಕಾಗಿ ಕಾರವಾರದಲ್ಲಿ ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. 1947ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಶಾಖೆಯೂ ಅಲ್ಲಿದೆ.

ಗಜನಿಯಲ್ಲಿ ಕೊಳೆತ ಹುಲ್ಲಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಹೆಚ್ಚುತ್ತವೆ. ಅವು ಸೀಗಡಿಗೆ ಆಹಾರ. ಸೀಗಡಿ, ಮೀನುಗಳ ಹಿಕ್ಕೆ ಮುಂದಿನ ಭತ್ತಕ್ಕೆ ಗೊಬ್ಬರ. ಒಂದೇ ಭೂಮಿಯಲ್ಲಿ ಅನ್ನವೂ ಆಯಿತು, ಮೇಲೋಗರವೂ ಆಯಿತು!

ಮುಂದೆ ಜನರಿಗೆ ಆಸೆ ಹೆಚ್ಚಿತು. ಭತ್ತ ಬಿಟ್ಟು, ಹೊಂಡ ತೋಡಿ, ಸೀಗಡಿಯನ್ನು ಮಾತ್ರ ಒತ್ತಾಗಿ ಸಾಕುವ ಪದ್ಧತಿ ನಮ್ಮ ದೇಶದ ಕರಾವಳಿಗಳಲ್ಲಿ ಹಬ್ಬಿತು. 1994-95ರಲ್ಲಿ ಬಿಳಿಚುಕ್ಕೆ ರೋಗ ಬಂದು ಹೊಂಡಕ್ಕೆ ಹೊಂಡವೇ ಸತ್ತುಹೋಯಿತು. ಸಾಲ ಮಾಡಿದವರು ಕೈ ಸುಟ್ಟುಕೊಂಡರು. 1996ರ ಡಿಸೆಂಬರದಲ್ಲಿ ಸುಪ್ರೀಂ ಕೋರ್ಟು ಕಡಲಂಚಿನ ಇಂಥ ಹೊಂಡಗಳಿಗೆ ತಡೆ ಹಾಕಿತು. ಸಾಂಪ್ರದಾಯಿಕ ಪದ್ಧತಿಗೆ ಮಾತ್ರ ತಡೆ ಹಾಕಲಿಲ್ಲ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುನೆಲಗಳ ಪಟ್ಟಿಗೆ ಸೇರಿತು. ಅದೇ ವರ್ಷ ನಮ್ಮ ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಸೇರಿತು.

ಈಗ ನಮ್ಮ ಊರಿಗೆ ಬರೋಣ. ಸೀಗಡಿಯ ಕುಲದ ಸಣ್ಣ ಜೀವಿಗಳು ನಮ್ಮ ಕೆರೆಯಲ್ಲಿಯೂ ಇವೆ. ಬೆಳಿಗ್ಗೆ ಒಂದು ಗಾಜಿನ ಲೋಟದಲ್ಲಿ ಕೆರೆಯ ನೀರು ತುಂಬಿ ಬಿಸಿಲಿಗೆ ಹಿಡಿಯಿರಿ. ಸಾಸಿವೆಗಿಂತ ಸಣ್ಣ ಚುಕ್ಕೆಗಳು ಕುಪ್ಪಳಿಸುತ್ತಿರುತ್ತವೆ. ಅವು ನೀರಿನ ಚಿಗಟಗಳು. ಕೆರೆಗೆ ಬಿಟ್ಟ ಕಾಟ್ಲಾ, ರೋಹು ಮರಿಗಳಿಗೆ ಇವೇ ಮೊದಲ ತುತ್ತು.

ಬೆಳೆಯ ಕೀಡೆಗೆಂದು ಹೊಡೆಯುವ ಔಷಧಿ ಇವುಗಳಿಗೂ ವಿಷ. ಏಕೆಂದರೆ ಕೀಡೆಯೂ ಚಿಗಟವೂ ದೂರದ ದಾಯಾದಿಗಳು. ಔಷಧಿ ಹೊಡೆದ ಪಂಪನ್ನು ಕೆರೆಯ ದಂಡೆಯಲ್ಲಿ ತೊಳೆದರೆ ಮರಿಮೀನಿನ ಊಟವನ್ನು ನಾವೇ ಕಸಿದುಕೊಂಡಂತೆ. ಮೀನು ಬೆಳೆಯದಿದ್ದರೆ ಕೆರೆ ಹಿಡಿದವನಿಗೂ ಹಾನಿ, ಊರಿಗೂ ಹಾನಿ.

ಆದ್ದರಿಂದ ಎರಡೇ ಮಾತು ನಡೆಸಿಕೊಡಿರಿ. ಪಂಪು ತೊಳೆದ ನೀರನ್ನು ಔಷಧಿ ಹೊಡೆದ ಹೊಲಕ್ಕೇ ಚೆಲ್ಲಿರಿ. ಔಷಧಿ ಹೊಡೆದ ಗದ್ದೆಯ ನೀರನ್ನು ಕೂಡಲೇ ಹಳ್ಳಕ್ಕೆ ಬಿಡಬೇಡಿರಿ. ಇದಕ್ಕೆ ಸರಕಾರದ ಹಣ ಬೇಡ. ನಮ್ಮ ಮನಸ್ಸು ಸಾಕು.

ನಾಳೆ ಬೆಳಿಗ್ಗೆ ಶಾಲೆಯ ಮಕ್ಕಳನ್ನು ಕೆರೆಯ ದಂಡೆಗೆ ಕರೆತನ್ನಿರಿ. ಲೋಟವನ್ನು ನಾನು ತರುತ್ತೇನೆ. ಚುಕ್ಕೆಗಳು ಕುಪ್ಪಳಿಸಿದರೆ ನಮ್ಮ ಕೆರೆಯಲ್ಲಿ ಇನ್ನೂ ಜೀವ ಇದೆಯೆಂದು ತಿಳಿಯೋಣ. ಕಾಣದೆ ಹೋದರೆ, ಏಕೆ ಇಲ್ಲವೆಂದು ಎಲ್ಲರೂ ಕೂಡಿ ಕುಳಿತು ವಿಚಾರ ಮಾಡೋಣ.