ಕ್ವಿಕ್ ಫಾರ್ಮ್ಯಾಟ್ ಮಾಡಿದ ಡಿಸ್ಕು ಖಾಲಿಯಲ್ಲ

ಕೆ.ಆರ್.ಪುರದ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ದಾರೆ. ಮನೇಲಿ ಹತ್ತು ವರ್ಷದ ಡೆಸ್ಕ್‌ಟಾಪ್ ಇದೆ, ವಿಂಡೋಸ್ 10. ಮೈಕ್ರೋಸಾಫ್ಟ್‌ನವರು ಅದರ ಸಪೋರ್ಟನ್ನ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದರು. ಅಷ್ಟು ಹಳೇ ಮಷೀನಿಗೆ ವಿಂಡೋಸ್ 11 ಹಿಡಿಸಲ್ಲ. "ಫಾರ್ಮ್ಯಾಟ್ ಹೊಡೆದು ಶಿವಾಜಿನಗರದ ಗುಜರಿಗೆ ಹಾಕಿಬಿಡ್ಲಾ?" ಅಂತ ಕೇಳಿದ್ದಾರೆ. ಕೊನೇಲಿ ಒಂದು ಮಾತು ಸೇರಿಸಿದ್ದಾರೆ: ಅವರ ಅಪ್ಪ ಅದೇ ಕಂಪ್ಯೂಟರಲ್ಲಿ ಹಲಸೂರಿನ ನಾಲ್ಕಾರು ಅಂಗಡಿಗಳ ಲೆಕ್ಕ ಬರೀತಿದ್ರಂತೆ.

ನನಗೆ ಕಿವಿ ನೆಟ್ಟಗಾಗಿದ್ದು ಆ ಮಾತಿಗೆ. ಅಂದ್ರೆ ಡಿಸ್ಕಲ್ಲಿರೋದು ಬರೀ ನಿಮ್ಮ ಮನೆ ಫೋಟೊ ಅಲ್ಲ ಸರ್. ನಿಮ್ಮಪ್ಪನ್ನ ನಂಬಿ ಕೊಟ್ಟವರ ಪ್ಯಾನ್, ಆಧಾರ್ ಸ್ಕ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಅದರಲ್ಲಿದೆ.

ನಾನು ಬಿ.ಕಾಂ. ಓದಿದವಳು, ನನಗೆ ಅರ್ಥ ಆಗೋದು ಲೆಡ್ಜರ್ ಭಾಷೆ. ಲೆಡ್ಜರಿನ ಮೊದಲ ಪುಟದಲ್ಲಿ ಯಾರ ಖಾತೆ ಎಷ್ಟನೇ ಪುಟ ಅಂತ ಇಂಡೆಕ್ಸ್ ಇರುತ್ತಲ್ಲ, ಕ್ವಿಕ್ ಫಾರ್ಮ್ಯಾಟ್ ಅಂದ್ರೆ ಆ ಇಂಡೆಕ್ಸ್ ಪುಟ ಕಿತ್ತು ಹೊಸ ಹಾಳೆ ಅಂಟಿಸಿದ ಹಾಗೆ. ಒಳಗಿನ ಪುಟಗಳೆಲ್ಲ ಹಾಗೇ ಇರ್ತವೆ. ಡ್ರೈವ್ ಖಾಲಿ ಅಂತ ತೋರಿಸುತ್ತೆ, ಅಷ್ಟೇ. ಪುಕ್ಕಟೆ ಸಿಗೋ ರಿಕವರಿ ಸಾಫ್ಟ್‌ವೇರ್ ಹಾಕಿ ಒಂದೊಂದೇ ಪುಟ ತಿರುವಿದರೆ ಬಹಳಷ್ಟು ವಾಪಸ್ ಬರುತ್ತೆ.

ಇದು ಹೆದರಿಸೋಕೆ ಹೇಳ್ತಿರೋದಲ್ಲ. ಅಮೆರಿಕದ ಎಂಐಟಿಯಲ್ಲಿದ್ದ ಸಿಮ್ಸನ್ ಗಾರ್ಫಿಂಕೆಲ್, ಅಭಿ ಶೇಲತ್ ಅನ್ನೋ ಇಬ್ಬರು 158 ಸೆಕೆಂಡ್‌ಹ್ಯಾಂಡ್ ಡಿಸ್ಕ್ ಕೊಂಡು ಬಗೆದು ನೋಡಿದ್ರು; 2003ರಲ್ಲಿ ಪ್ರಕಟ ಮಾಡಿದ್ರು. ಓದೋಕೆ ಸಿಕ್ಕ 129ರಲ್ಲಿ ಸರಿಯಾಗಿ ಅಳಿಸಿದ್ದು ಬರೀ 12. ಕ್ರೆಡಿಟ್ ಕಾರ್ಡ್ ನಂಬರೇ ಐದು ಸಾವಿರಕ್ಕೂ ಹೆಚ್ಚು ಸಿಕ್ಕವು.

ಈಗ ಕೆಲಸ. ಮೊದಲು ಬೇಕಾದ್ದನ್ನ ತೆಗೆದಿಟ್ಟುಕೊಳ್ಳಿ. ಜಿಎಸ್‌ಟಿ ಕಾನೂನಲ್ಲಿ ಲೆಕ್ಕಪತ್ರವನ್ನ ವಾರ್ಷಿಕ ರಿಟರ್ನಿನ ಕೊನೇ ದಿನಾಂಕದಿಂದ 72 ತಿಂಗಳು ಇಟ್ಟುಕೊಂಡಿರಬೇಕು. ಆ ಅಂಗಡಿಯವರ ಹತ್ತಿರ ಪ್ರತಿ ಇದೆಯಾ ಅಂತ ಒಂದು ಫೋನ್ ಮಾಡಿ ಕೇಳಿ. ಟ್ಯಾಲಿ ಬ್ಯಾಕಪ್ ತೆಗೆದರೆ ಸಾಲದು, ಇನ್ನೊಂದು ಕಂಪ್ಯೂಟರಲ್ಲಿ ರಿಸ್ಟೋರ್ ಮಾಡಿ ತೆರೆದು ನೋಡಿ. ಹಳೇ ನುಡಿ, ಬರಹ ಫೈಲ್ ಇದ್ರೆ ಆ ಫಾಂಟುಗಳನ್ನೂ ಕಾಪಿ ಮಾಡಿಕೊಳ್ಳಿ. ಇಲ್ಲಾಂದ್ರೆ ಅಪ್ಪ ಬರೆದ ಪತ್ರ ಹೊಸ ಲ್ಯಾಪ್‌ಟಾಪಲ್ಲಿ ಚಿತ್ರವಿಚಿತ್ರ ಗುರುತುಗಳಾಗಿ ಕಾಣುತ್ತೆ.

ಆಮೇಲೆ ಅಳಿಸೋದು. ವಿಂಡೋಸ್ ಓಡ್ತಿರುವಾಗ ಸಿ ಡ್ರೈವನ್ನ ಫಾರ್ಮ್ಯಾಟ್ ಮಾಡೋಕೆ ಅದು ಬಿಡಲ್ಲ, ಕೂತ ಕೊಂಬೆ ಕಡಿದ ಹಾಗಲ್ವಾ. ಸೆಟ್ಟಿಂಗ್ಸಲ್ಲಿ ರಿಕವರಿಗೆ ಹೋಗಿ, 'ರಿಸೆಟ್ ದಿಸ್ ಪಿಸಿ', 'ರಿಮೂವ್ ಎವ್ರಿಥಿಂಗ್'. ಅಲ್ಲೇ ನೆಕ್ಸ್ಟ್ ಒತ್ತಬೇಡಿ. 'ಚೇಂಜ್ ಸೆಟ್ಟಿಂಗ್ಸ್' ತೆರೆದು 'ಕ್ಲೀನ್ ಡೇಟಾ' ಆನ್ ಮಾಡಿ. ಎಲ್ಲ ಡ್ರೈವ್‌ಗಳ ಫೈಲ್ ಅಳಿಸು ಅನ್ನೋದನ್ನೂ ಆನ್ ಮಾಡಿ, ಯಾಕಂದ್ರೆ ನಮ್ಮ ಮನೆಗಳಲ್ಲಿ ಅಸಲು ಸರಕೆಲ್ಲ ಡಿ ಡ್ರೈವಲ್ಲೇ ಇರೋದು! ಆ ಪೆನ್‌ಡ್ರೈವ್, ಎಕ್ಸ್‌ಟರ್ನಲ್ ಡಿಸ್ಕ್ ಏನಾದ್ರೂ ಚುಚ್ಚಿದ್ರೆ ಮೊದಲೇ ಕಿತ್ತಿಡಿ, ಬ್ಯಾಕಪ್ಪೂ ಹೋದೀತು.

ಡಿ ಒಂದನ್ನೇ ಮಾಡೋದಾದ್ರೆ ರೈಟ್ ಕ್ಲಿಕ್, ಫಾರ್ಮ್ಯಾಟ್, 'ಕ್ವಿಕ್ ಫಾರ್ಮ್ಯಾಟ್' ಟಿಕ್ ತೆಗೀರಿ. ಎಕ್ಸ್‌ಪಿ ಕಾಲದಲ್ಲಿ ಟಿಕ್ ತೆಗೆದ್ರೂ ಹಳೇದು ಉಳೀತಿತ್ತು. ವಿಸ್ಟಾದಿಂದ ಈಚೆಗೆ ಡಿಸ್ಕ್ ಪೂರ್ತಿ ಸೊನ್ನೆ ಬರೆಯುತ್ತೆ. ಸೆಕೆಂಡಿಗೆ ನೂರು ಎಂಬಿ ಲೆಕ್ಕ ಹಾಕಿದ್ರೆ ಒಂದು ಟಿಬಿಗೆ ಮೂರು ಗಂಟೆ ಹತ್ತಿರ. ರಾತ್ರಿ ಹಚ್ಚಿ ಮಲಗಿ, ಯುಪಿಎಸ್ ಇದ್ರೆ ಒಳ್ಳೇದು, ಮಳೆಗಾಲದ ಕರೆಂಟು ಗೊತ್ತಲ್ಲ.

ಇದೆಲ್ಲ ಗಿರ್ ಅಂತ ತಿರುಗೋ ಹಾರ್ಡ್ ಡಿಸ್ಕಿಗೆ. ಎಸ್‌ಎಸ್‌ಡಿ ಲೆಕ್ಕ ಬೇರೆ: ನೀವು ಮೇಲೆ ಬರೆದೆ ಅಂದುಕೊಂಡ್ರೆ ಅದು ಇನ್ನೊಂದು ಜಾಗದಲ್ಲಿ ಬರೆದಿರುತ್ತೆ. ಅದಕ್ಕೆ ತಯಾರಿಸಿದ ಕಂಪನಿಯವರೇ ಕೊಡೋ ಸಾಫ್ಟ್‌ವೇರಲ್ಲಿ 'ಸೆಕ್ಯೂರ್ ಇರೇಸ್' ಹುಡುಕಿ.

ಡಿಸ್ಕೇ ಸತ್ತಿದ್ರೆ? ಕೆಟ್ಟಿದ್ದು ಅಂತ ಹಾಗೇ ಕೊಡಬೇಡಿ, ರಿಪೇರಿ ಮಾಡಿ ಓದೋರಿದ್ದಾರೆ. ಪವರ್ ಪ್ಲಗ್ ಕಿತ್ತು, ಕ್ಯಾಬಿನೆಟ್ ತೆಗೆದರೆ ಡಿಸ್ಕಿಗೆ ನಾಲ್ಕೇ ಸ್ಕ್ರೂ. ಅದನ್ನ ಬಿಚ್ಚಿ ಮನೇಲಿಟ್ಟುಕೊಂಡು, ಉಳಿದ ಡಬ್ಬ ಗುಜರಿಗೆ ಕೊಡಿ.