ಚಿಪ್ಪಿನ ರೂಪವೂ ವಂಶವಾಹಿಯ ಸಾಕ್ಷ್ಯವೂ

(ಶತಮಾನೋತ್ಸವದ ವಿಜ್ಞಾನಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಕಾಸರಗೋಡಿನ ಕಡಲ ತಡಿಯಲ್ಲಿ ಬೆಳೆದ ನಮ್ಮಲ್ಲಿ ಚಿಪ್ಪು ಹೆಕ್ಕದವರು ವಿರಳ. ಹೆಕ್ಕಿದವುಗಳಲ್ಲಿ ಒಂದೇ ತೆರನಾದವನ್ನು ಒಂದೆಡೆ ರಾಶಿ ಹಾಕುವ ವಿದ್ಯೆ ಮಕ್ಕಳಿಗೆ ಯಾರೂ ಕಲಿಸದೆಯೇ ಬರುತ್ತದೆ. ಜೀವಶಾಸ್ತ್ರವೂ ಬಹುಕಾಲ ಮಾಡಿದ್ದು ಇದನ್ನೇ. ಆ ರಾಶಿಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಇಂದಿನ ನನ್ನ ವಿಷಯ. ಉದಾಹರಣೆ ಮಾತ್ರ ನಮ್ಮ ಕಡಲಿನದಲ್ಲ. ಉತ್ತರ ಅಟ್ಲಾಂಟಿಕದ ಬಂಡೆಗಳ ಮೇಲೆ ಬದುಕುವ ಲಿಟ್ಟೊರಿನಾ ಸಾಕ್ಸಾಟಿಲಿಸ್ ಎಂಬ ಪುಟ್ಟ ಬಸವನಹುಳುವನ್ನು ವಿಜ್ಞಾನಿಗಳು ಬಹು ಸೂಕ್ಷ್ಮವಾಗಿ ಪರೀಕ್ಷಿಸಿರುವುದರಿಂದ ಅದನ್ನು ಆರಿಸಿಕೊಂಡಿದ್ದೇನೆ.

1792ರಲ್ಲಿ ಇಟಲಿಯ ಒಲಿವಿ ಇದನ್ನು ವರ್ಣಿಸಿ ಹೆಸರಿಟ್ಟನು. ಅನಂತರದವರು ಚಿಪ್ಪಿನ ಬಣ್ಣ, ಗೆರೆ, ಉಬ್ಬು ಬೇರೆಯಾಗಿ ಕಂಡಾಗಲೆಲ್ಲ ಹೊಸ ಪ್ರಭೇದವೆಂದೋ ಉಪಪ್ರಭೇದವೆಂದೋ ಸಾರಿದ್ದರಿಂದ ಈ ಒಂದೇ ಜೀವಿಗೆ ನೂರಕ್ಕೂ ಹೆಚ್ಚು ಹೆಸರುಗಳಾದವು!

ಸ್ವೀಡನ್ನಿನ ಪಶ್ಚಿಮ ಕರಾವಳಿಯಲ್ಲಿ ಇದರ ಎರಡು ರೂಪಗಳಿವೆ. ಏಡಿಗಳು ಹೆಚ್ಚಿರುವಲ್ಲಿ ಹುಳು ದೊಡ್ಡದು, ಚಿಪ್ಪು ದಪ್ಪ, ಬಾಯಿ ಕಿರಿದು. ಏಡಿಯ ಕೊಂಬು ಒಳತೂರಲಾರದು. ಅಲೆ ಬಡಿಯುವ ಬಂಡೆಯಲ್ಲಿ ಹುಳು ಚಿಕ್ಕದು, ಚಿಪ್ಪು ತೆಳು, ಬಾಯಿ ಅಗಲ. ಅಗಲವಾದ ಪಾದದಿಂದ ಬಂಡೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಪಕ್ಕಪಕ್ಕದಲ್ಲಿಟ್ಟರೆ ಇವೆರಡೂ ಒಂದೇ ಪ್ರಭೇದವೆಂದು ನಂಬುವುದು ಕಷ್ಟ. 1988ರಲ್ಲಿ ವಿಷಪಾಚಿಯ ಹಾವಳಿಯಿಂದ ಅಲ್ಲಿನ ಕಿರುಬಂಡೆಗಳ ಹುಳುಗಳು ಅಳಿದವು. 1992ರಲ್ಲಿ ಕೆರ್ಸ್ಟಿನ್ ಯೊಹಾನೆಸ್ಸನ್ ಅಂತಹ ಒಂದು ಬಂಡೆಗೆ ಏಡಿನೆಲೆಯ ಸುಮಾರು 700 ಹುಳುಗಳನ್ನು ತಂದು ಬಿಟ್ಟರು. ಸುಮಾರು 30 ತಲೆಮಾರುಗಳಲ್ಲಿ ಅವುಗಳ ಸಂತತಿ ಅಲೆನೆಲೆಯ ರೂಪಕ್ಕೆ ತೀರ ಸಮೀಪ ಬಂದಿತು. ಈ ಬದಲಾವಣೆಗೆ ಬೇಕಾದ ವಂಶವಾಹಿ ಭೇದಗಳು ತಂದ ಹುಳುಗಳಲ್ಲಿ ಮೊದಲೇ ಅಡಗಿದ್ದವು. ಕೆಲವು ನೆರೆಬಂಡೆಗಳಿಂದಲೂ ಬಂದವು. ಇಷ್ಟಾಗಿಯೂ ಪ್ರಭೇದ ಬದಲಾಗಲಿಲ್ಲ.

ಇದಕ್ಕೆ ನೇರ ವಿರುದ್ಧವಾದುದು ಲಿಟ್ಟೊರಿನಾ ಅರ್ಕಾನಾದ ಕಥೆ. ಇದರ ಚಿಪ್ಪು ಸಾಕ್ಸಾಟಿಲಿಸ್‌ನ ಚಿಪ್ಪನ್ನು ಎಷ್ಟು ಹೋಲುತ್ತದೆಂದರೆ 1978ರವರೆಗೆ ಇದಕ್ಕೆ ಪ್ರತ್ಯೇಕ ಹೆಸರೇ ಇರಲಿಲ್ಲ. ಅರ್ಕಾನಾ ಎಂದರೆ ಗುಟ್ಟಾದದ್ದು, ಒಪ್ಪುವ ಹೆಸರು. ಹೆಣ್ಣನ್ನು ಸೀಳಿ ನೋಡಿದರೆ ಗುಟ್ಟು ರಟ್ಟಾಗುತ್ತದೆ. ಸಾಕ್ಸಾಟಿಲಿಸ್ ಮರಿಗಳನ್ನು ಒಡಲಲ್ಲೇ ಹೊತ್ತು ಹೆರುತ್ತದೆ. ಅರ್ಕಾನಾ ಲೋಳೆಯಲ್ಲಿ ಮೊಟ್ಟೆಯಿಡುತ್ತದೆ. ಗಂಡುಗಳನ್ನು ಸೀಳಿ ನೋಡಿದರೂ ಭೇದ ತಿಳಿಯುವುದು ಕಷ್ಟ. ಅಲ್ಲಿ ವಂಶವಾಹಿಯ ಮೊರೆ ಹೋಗಬೇಕು.

ವಂಶವಾಹಿಯೇ ಅಂತಿಮ ತೀರ್ಪುಗಾರನೆಂದು ಈಗ ಹಲವರು ಭಾವಿಸುತ್ತಾರೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ತಾಯಿಯಿಂದ ಬರುವ ಮೈಟೊಕಾಂಡ್ರಿಯದ ಡಿಎನ್‌ಎಯನ್ನಷ್ಟೇ ಓದಿದರೆ ಈ ಎರಡು ಪ್ರಭೇದಗಳು ಬೇರೆಯಾಗುವುದಿಲ್ಲ. ಒಂದೇ ಮಾದರಿ ಎರಡರಲ್ಲೂ ಕಾಣುತ್ತದೆ. ಇಡೀ ಜೀನೋಮನ್ನು ಓದಿ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಮರಿಹಾಕುವ ಹುಳುಗಳೆಲ್ಲ ವಂಶವೃಕ್ಷದ ಒಂದೇ ಕೊಂಬೆಯಲ್ಲಿ ಕೂಡಿಬರಲಿಲ್ಲ. ಮೊಟ್ಟೆಯೋ ಮರಿಯೋ ಎಂಬುದಕ್ಕೆ ಸಂಬಂಧಿಸಿದ ಭೇದಗಳು ಜೀನೋಮಿನ ಸುಮಾರು 50 ತಾಣಗಳಲ್ಲಿ ಹಂಚಿಹೋಗಿದ್ದವು. ಎಲ್ಲಿ ಓದಬೇಕೆಂದು ತಿಳಿಯದೆ ಓದಿದರೆ ಡಿಎನ್‌ಎಯೂ ಚಿಪ್ಪಿನಷ್ಟೇ ದಾರಿ ತಪ್ಪಿಸೀತು.

ಹಾಗೆಂದು ಚಿಪ್ಪಿನ ಅಧ್ಯಯನ ಹಳತಾಗಿಲ್ಲ. ಚಿಪ್ಪಿನ ಛಾಯಾಚಿತ್ರದಲ್ಲಿ ಸುರುಳಿಯ ತುದಿ, ಬಾಯಿಯ ಅಂಚು ಮುಂತಾದ ನಿಶ್ಚಿತ ಬಿಂದುಗಳನ್ನು ಗುರುತಿಸಿ, ಗಾತ್ರದ ವ್ಯತ್ಯಾಸವನ್ನು ಗಣಿತದಿಂದ ಕಳೆದು, ಆಕಾರವನ್ನಷ್ಟೇ ಹೋಲಿಸುವ ಕ್ರಮವಿದೆ. ಹುಳು ಯಾವ ನೆಲೆಯಲ್ಲಿ ಬಾಳಿತೆಂಬುದನ್ನು ಈ ಅಳತೆ ಚೆನ್ನಾಗಿ ಹೇಳುತ್ತದೆ. ಯಾವ ಕುಲದ್ದೆಂಬುದನ್ನು ಒಡಲಿನ ರಚನೆಯನ್ನೂ ವಂಶವಾಹಿಯನ್ನೂ ಕೂಡಿಸಿ ಕೇಳಬೇಕು.

ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ಮಕ್ಕಳು ತಂದ ಚಿಪ್ಪುಗಳನ್ನು ಗಾಜಿನ ಕಪಾಟಿನಲ್ಲಿ ಇಡುವಾಗ ಹೆಸರು ಗೊತ್ತಾಗದಿದ್ದರೆ ಆ ಜಾಗವನ್ನು ಖಾಲಿ ಬಿಡಿರಿ. ಸಿಕ್ಕಿದ ಸ್ಥಳ, ತಾರೀಕು, ಬಂಡೆಯೋ ಮರಳೋ ಎಂಬುದನ್ನು ಮಾತ್ರ ತಪ್ಪದೆ ಬರೆಸಿರಿ. ಹೆಸರನ್ನು ಇನ್ನೊಬ್ಬರು ಮುಂದೆ ಸೇರಿಸಬಹುದು. ಸ್ಥಳವನ್ನು ಹೆಕ್ಕಿದ ಮಗುವೇ ಹೇಳಬೇಕು.